ಎರಡು ನಿಮಿಷದ ಗುಣಮಟ್ಟ

"ಡಾಕ್ಟ್ರೇ, ರೋಗಿಗಳ ಹತ್ರ ಬಾಯ್ತುಂಬ ಮಾತಾಡ್ರಿ, ಗುಣಮಟ್ಟ ತಾನಾಗೇ ಏರುತ್ತೆ" ಎಂದು ಚಿತ್ರದುರ್ಗದ ಆರೋಗ್ಯ ಇಲಾಖೆ ಸಭೆಯೊಂದರಲ್ಲಿ ಸಾಹೇಬರು ಅಪ್ಪಣೆ ಕೊಡಿಸಿದರೆನ್ನಿ. "ಸಾರ್, ಒಂದು ಮಾತು..." ಎಂದು ಹೊಳಲ್ಕೆರೆ ಕಡೆಯ ವೈದ್ಯರು ಎದ್ದರೆ, "ಕೂತ್ಕೊಳ್ರೀ, ಟೈಮಿಲ್ಲ!" ಸಂವಹನ ತರಬೇತಿ ಅಲ್ಲಿಗೆ ಸಂಪನ್ನ. 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ 67 ದೇಶಗಳ ಲೆಕ್ಕ ಕೊಟ್ಟಿತು: ಒಬ್ಬ ರೋಗಿಗೆ ಸ್ವೀಡನ್ನಿನ ವೈದ್ಯರು ಕೊಡುವುದು 22.5 ನಿಮಿಷ, ನಮ್ಮವರು ಸುಮಾರು 2. ಬಯಲು ಪ್ರದೇಶದಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ್ದೇ ಮಾನದಂಡ. ಇಷ್ಟು ಜನರ ನಡುವೆ ಸಿಗುವ ಎರಡು ನಿಮಿಷದಲ್ಲಿ ಹೆಸರು, ಊರು ಕೇಳುವಷ್ಟರಲ್ಲೇ ಚೀಟಿ ಬರೆದಾಗಿರುತ್ತದೆ.

"ಸರ್ಕಾರಿ ಆಸ್ಪತ್ರೆಗಳ ಪ್ರೋತ್ಸಾಹಕ್ಕೆ 2015ರಿಂದ ಕಾಯಕಲ್ಪ ಪ್ರಶಸ್ತಿ ಇದೆಯಲ್ರೀ?" ಇದೆ, ಅದು ಮುಖ್ಯವಾಗಿ ನೋಡುವುದು ಸ್ವಚ್ಛತೆ, ಸೋಂಕು ನಿಯಂತ್ರಣ, ಕಸ ವಿಲೇವಾರಿಯನ್ನು. ನೆಲ ಹೊಳೆಯಬೇಕು, ನಿಜ. ಆದರೆ ಬಿಪಿ ಮಾತ್ರೆಯನ್ನು ಯಾಕೆ ಬಿಡಬಾರದೆಂದು ಹೊಸದುರ್ಗದ ಅಜ್ಜಿಗೆ ನೆಲ ಹೇಳುವುದಿಲ್ಲ. "ಸಮಯವಿದ್ದರೂ ಕೆಲವರು ಸಿಡುಕುತ್ತಾರೆ" ಎಂಬ ಆಕ್ಷೇಪ ಸುಳ್ಳಲ್ಲ. ಅಂಥವರನ್ನು ಸುತ್ತೋಲೆ ತಿದ್ದೀತೆ? ಅವರ ಕೇಂದ್ರದಲ್ಲೇ ಎಷ್ಟು ರೋಗಿಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರು, ಪಕ್ಕದ ಹಿರಿಯೂರಿನಲ್ಲಿ ಎಷ್ಟು ಎಂದು ತಿಂಗಳಿಗೊಮ್ಮೆ ತೋರಿಸಿದರೆ ವೈದ್ಯರಿಗೇ ಚುರುಕು ಮುಟ್ಟೀತು. ವರದಿಗಳು ಮೇಲಕ್ಕೆ ಹತ್ತುವುದಷ್ಟೇ ಅಲ್ಲ, ಉತ್ತರವಾಗಿ ಕೆಳಗೂ ಇಳಿಯಬೇಕು. ಸಾಹೇಬರೇ, ಮುಂದಿನ ಸಭೆಯ ಮೊದಲ ಅರ್ಧ ಗಂಟೆ ವೈದ್ಯರು ಮಾತಾಡಲಿ, ನೀವು ಬರೆದುಕೊಳ್ಳಿ.