ಎಂಜಲು ಕೈಯ ರಸಿಕರು

ಬಲಗೈ ಸಾರನ್ನದಲ್ಲಿ ಮುಳುಗಿರುವ ಹೊತ್ತಿಗೆ ಸರಿಯಾಗಿ, ಎದುರಿಗೆ ಕೂತ ಕೊಳಲಿನವರು ಕೀರ್ತನೆ ಮುಗಿಸಿದರೆ ಚಪ್ಪಾಳೆ ತಟ್ಟುವುದು ಹೇಗೆ? ಮಡಿ, ಮೈಲಿಗೆ, ಮುಸುರೆ, ಎಂಜಲು ಎಂದು ಕೂದಲು ಸೀಳಿದ ನಮ್ಮ ಹಿರಿಯರು ಈ ಒಂದು ಪ್ರಸಂಗಕ್ಕೆ ಮಾತ್ರ ವಿಧಿ ಬರೆದಿಡಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಎಡಗೈಯಲ್ಲಿ ತೊಡೆ ತಟ್ಟಿದರೆ ಕುಸ್ತಿಗೆ ಕರೆದ ಹಾಗಾಗುತ್ತದೆ. ಮೇಜು ಕುಟ್ಟಿದರೆ ವಿಧಾನಸಭೆ. ಎದ್ದು ಕೈತೊಳೆದು ಬಂದು ತಟ್ಟೋಣವೆಂದರೆ ಅಷ್ಟರಲ್ಲಿ ಮುಂದಿನ ಕೀರ್ತನೆ ಚರಣಕ್ಕೆ ಬಂದಿರುತ್ತದೆ, ಮಜ್ಜಿಗೆಹುಳಿ ಆರಿರುತ್ತದೆ.

ನಾನು ಹುಟ್ಟಿ ಬೆಳೆದ ಚಾಮರಾಜಪೇಟೆಯಲ್ಲಿ ಈ ಸಂಕಟ ಯಾರಿಗೂ ಬಂದದ್ದಿಲ್ಲ. ಕಾರಣ, ಕಲೆಗೂ ತಿಂಡಿಗೂ ನಡುವೆ ನಮ್ಮವರು ಒಂದು ಗೋಡೆಯನ್ನೋ, ಕೊನೆಗೆ ಒಂದು ತಗಡನ್ನೋ ನಿಲ್ಲಿಸಿಯೇ ಇರುತ್ತಿದ್ದರು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನೇ ನೋಡಿ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದೊಳಗೆ ಎಂ.ಎಸ್. ಸುಬ್ಬುಲಕ್ಷ್ಮಿಯಂಥವರು ಹಾಡಿದ್ದಾರೆ. ಚಪ್ಪರದ ಆಚೆಗೆ ಬೋಂಡ ಬೇಯುತ್ತದೆ. ವಾಸನೆ ಒಳಕ್ಕೆ ಬರುತ್ತದೆ, ರಾಗ ಹೊರಕ್ಕೆ ಹೋಗುತ್ತದೆ, ಇಬ್ಬರಿಗೂ ನಷ್ಟವಿಲ್ಲ. ಗಾಯಕರು ಪಲ್ಲವಿ ಮುಗಿಸಿ ಮೃದಂಗದವರ ಕಡೆ ತಿರುಗಿ ತಲೆಯಾಡಿಸಿದ್ದೇ ತಡ, ತನಿ ಆವರ್ತನಕ್ಕೆಂದೇ ಕಾದಿದ್ದ ಅರ್ಧ ಸಭೆ ಎದ್ದು ನಿಲ್ಲುತ್ತದೆ. ಮೃದಂಗದವರಿಗೆ ಅವಮಾನ ಮಾಡಬೇಕೆಂಬ ಉದ್ದೇಶ ಖಂಡಿತ ಇರುವುದಿಲ್ಲ. ಹಸಿವಿಗೆ ಲಯಜ್ಞಾನ ಸ್ವಲ್ಪ ಜಾಸ್ತಿ, ಅಷ್ಟೆ.

ನಮ್ಮ ಮಾವನವರು, ಅಂದರೆ ಸೋದರತ್ತೆಯ ಯಜಮಾನರು, ಇದರಲ್ಲಿ ಪಳಗಿದವರು. ಬೋಂಡದ ಮುಂದೆ ನಿಂತು ಕಿವಿಯನ್ನು ಚಪ್ಪರಕ್ಕೆ ಕೊಟ್ಟು, ‘ಇನ್ನೂ ತಿಶ್ರ ನಡೆ ಕಣಯ್ಯ, ಆರಾಮಾಗಿ ಒಂದು ಕಾಫಿಗೆ ಟೈಮಿದೆ’ ಎಂದು ಅಪ್ಪಣೆ ಕೊಡುತ್ತಿದ್ದರು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ತೊಡೆಯ ಮೇಲೆ ಆದಿತಾಳ. ಮುಕ್ತಾಯದ ಕೊನೆಯ ಸುತ್ತಿಗೆ ಲೋಟ ಕೆಳಗಿಟ್ಟು, ಸಮಕ್ಕೆ ಸರಿಯಾಗಿ ತಮ್ಮ ಕುರ್ಚಿಯಲ್ಲಿ ಕೂತು ‘ಭೇಷ್’ ಅನ್ನುತ್ತಿದ್ದರು. ಅಕ್ಕಪಕ್ಕದವರು ಅವರು ಎದ್ದೇ ಇರಲಿಲ್ಲವೆಂದು ತಿಳಿಯುತ್ತಿದ್ದರು. ಬಾಯಲ್ಲಿದ್ದ ಮೆಣಸಿನಕಾಯಿಯ ಚೂರು ಮಾತ್ರ ಸಾಕ್ಷಿ.

ಬೇರೆ ಕಡೆಯೂ ಇದೇ ಶಿಸ್ತು. 1905ರಿಂದ ನಡೆದು ಬಂದ ಬೆಂಗಳೂರು ಗಾಯನ ಸಮಾಜಕ್ಕೆ ಹೋಗುವವರು ಸಂಗೀತ ಕೇಳುವುದು ಒಳಗೆ, ‘ಶಾರೀರ ಸ್ವಲ್ಪ ಬಿಗಿದಿತ್ತು’ ಅಂತ ತೀರ್ಪು ಕೊಡುವುದು ಹೊರಗೆ ಕಾಫಿ ಕೈಗೆ ಬಂದ ಮೇಲೆ. ಮಲ್ಲೇಶ್ವರದವರು ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರ ಹೆಸರಿನಲ್ಲಿ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿಸಿ 1980ರಲ್ಲಿ ಬಾಗಿಲು ತೆರೆದರು. ಅಷ್ಟು ಹುರುಪಿನಲ್ಲೂ, ಪಿಟೀಲಿನ ಹೊಟ್ಟೆಯೊಳಗೆ ಎಲೆ ಹಾಕಿಸುವ ಯೋಚನೆ ಅವರಿಗೆ ಬರಲಿಲ್ಲ. 2004ರಲ್ಲಿ ಜೆ.ಪಿ. ನಗರದಲ್ಲಿ ಶುರುವಾದ ರಂಗಶಂಕರ ಇನ್ನೂ ಖಡಕ್ಕು. ಕೆಳಗೆ ಅಕ್ಕಿರೊಟ್ಟಿ, ಮೇಲೆ ನಾಟಕ. ನಾಟಕ ಶುರುವಾದ ಮೇಲೆ ಬಾಗಿಲು ಮುಚ್ಚಿತೆಂದರೆ ಮುಚ್ಚಿತು. ಗಂಟೆ ಬಾರಿಸುವಾಗ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿದ್ದವನ ಮುಖದಲ್ಲಿ ಕಾಣುವ ಕರುಣರಸ ಮೇಲೆ ವೇದಿಕೆಯಲ್ಲಿ ಎಷ್ಟೋ ದಿನ ಕಾಣುವುದಿಲ್ಲ.

ಗೋಡೆಯನ್ನು ದಾಟಿ ಕಲೆ ಹೋಟೆಲಿನೊಳಕ್ಕೆ ಬಂದ ಉದಾಹರಣೆ ನಮ್ಮ ಕಡೆ ಇಲ್ಲವೆಂದಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಇದೆ. 1943ರ ಹೋಟೆಲು, ಗೋಡೆಯ ತುಂಬ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ಒಂದು ಭಾಷೆಯ ಸಾಹಿತ್ಯ ಚರಿತ್ರೆಯನ್ನು ಇಷ್ಟು ತುಪ್ಪದ ಘಮದಲ್ಲಿ ನೇತುಹಾಕಿದ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ಆದರೆ ಅಲ್ಲಿ ತಲೆಯೆತ್ತಿ ಆ ಚಿತ್ರಗಳನ್ನು ನೋಡುವವರು ಯಾರು? ಹೊರಗೆ ಹೆಸರು ಬರೆಸಿ ಕಾದು ನಿಂತವನ ಕಣ್ಣು ಒಳಗೆ ಏಳಲಿರುವವರ ಮೇಲೆ. ಕೂತವನ ಕಣ್ಣು ಅಡುಗೆಮನೆಯ ಬಾಗಿಲ ಮೇಲೆ. ದೋಸೆ ಬಂದ ಮೇಲಂತೂ ಸರಿಯೇ ಸರಿ. ಮಹಾಕವಿಗಳು ಮೇಲಿನಿಂದ ನೋಡುತ್ತಿರುತ್ತಾರೆ, ಓದುಗ ಕೆಳಗೆ ನೋಡುತ್ತಿರುತ್ತಾನೆ. ನಮ್ಮ ಸಾಹಿತ್ಯಕ್ಕೂ ಓದುಗನಿಗೂ ಇರುವ ಸಂಬಂಧ ಇದಕ್ಕಿಂತ ಬೇರೆಯಾಗೇನೂ ಇಲ್ಲ ಎಂದು ಪ್ರಕಾಶಕರೊಬ್ಬರು ಅದೇ ಮೇಜಿನ ಮೇಲೆ ನಿಟ್ಟುಸಿರು ಬಿಟ್ಟು, ಇನ್ನೊಂದು ಖಾಲಿ ದೋಸೆ ಹೇಳಿದರು.

ಅಲ್ಲಿ ಎಲ್ಲರೂ ತಲೆಯೆತ್ತಿ ನೋಡುವ ಕಲೆ ಒಂದೇ: ಪಂಚೆಯುಟ್ಟ ಮಾಣಿ ಅಂಗೈಯಿಂದ ಭುಜದ ತನಕ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಕುರ್ಚಿ, ಮಕ್ಕಳು, ಕೈತೊಳೆಯಲು ಎದ್ದವರು ಎಲ್ಲರ ನಡುವೆ ನುಸುಳಿ ಬರುವುದು. ತಾಳ, ಭಾವ, ಅಂಗಶುದ್ಧಿ ಮೂರೂ ಇವೆ. ಟಿಕೆಟ್ಟಿಲ್ಲ. ಶುಕ್ರವಾರ ಮಾತ್ರ ಪ್ರದರ್ಶನ ಇರುವುದಿಲ್ಲ.

ಗೋಡೆ ಪೂರ್ತಿ ಬಿದ್ದುಹೋದ ಜಾಗವನ್ನೂ ಹೇಳಿಬಿಡಬೇಕು: ನಮ್ಮ ಛತ್ರಗಳ ಆರತಕ್ಷತೆ ಕಚೇರಿ. ವಿದ್ವಾಂಸರು ಕಲ್ಯಾಣಿ ರಾಗವನ್ನು ತಾರಸ್ಥಾಯಿಗೆ ಏರಿಸುತ್ತಿರುತ್ತಾರೆ. ಜನ ಉಡುಗೊರೆ ಹಿಡಿದು ವಧೂವರರ ಕಡೆಗೆ ಸಾಲಾಗಿ ನಿಂತಿರುತ್ತಾರೆ. ಊಟದ ಮನೆಯಿಂದ ‘ಪಂಕ್ತಿ ಖಾಲಿಯಾಯ್ತು’ ಎಂದು ಸುದ್ದಿ ಬಂದೊಡನೆ ಕುರ್ಚಿಗಳು ಕಿರುಗುಟ್ಟುತ್ತವೆ. ಮೊದಲ ಸಾಲಿನಲ್ಲಿ ಒಬ್ಬರು ಮಾತ್ರ ಕಣ್ಣುಮುಚ್ಚಿ ಅಲುಗಾಡದೆ ಕೂತಿರುತ್ತಾರೆ. ಹಾಡುವವರು ಅವರೊಬ್ಬರಿಗಾಗಿ ಇನ್ನೊಂದು ಸುತ್ತು ನೆರವಲ್ ಮಾಡುತ್ತಾರೆ. ಅವರಿಗೆ ಮಂಡಿನೋವು, ಮಗ ಬಂದು ಎಬ್ಬಿಸಲೆಂದು ಕಾದಿದ್ದಾರೆ.

ಇಷ್ಟೆಲ್ಲ ಬಲ್ಲ ನನ್ನನ್ನು ಅಕ್ಕನ ಮಗ ಒಂದು ಭಾನುವಾರ ಕನಕಪುರ ರಸ್ತೆಯ ಆಚೆಗೆ, ಒಂದು ಮಾವಿನ ತೋಪಿಗೆ ಕರೆದುಕೊಂಡು ಹೋದ. ಜೊತೆಗೆ ಸೋದರತ್ತೆ. ‘ಮಾಮ, ಅದು ಬರೀ ಹೋಟೆಲ್ ಅಲ್ಲ, ಆರ್ಟ್ ಸ್ಪೇಸ್. ಫಾರ್ಮ್‌ನಲ್ಲೇ ಬೆಳೆದದ್ದು, ಅಲ್ಲೇ ಅಡುಗೆ, ಅಲ್ಲೇ ಪೇಂಟಿಂಗು, ಮ್ಯೂಸಿಕ್ಕು’ ಎಂದು ದಾರಿಯುದ್ದಕ್ಕೂ ಹೇಳಿದ. ಅತ್ತೆ ಕೇಳಿದ್ದು ಒಂದೇ ಮಾತು: ‘ಎಲೆ ಹಾಕೋದು ಎಷ್ಟು ಗಂಟೆಗೆ?’

ದನದ ಕೊಟ್ಟಿಗೆಯೊಂದನ್ನು ಉಜ್ಜಿ ತೊಳೆದು ಸುಣ್ಣ ಬಳಿದು ಊಟದ ಹಜಾರ ಮಾಡಿದ್ದರು. ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಬರೀ ಬಣ್ಣ, ಗೆರೆ. ಅತ್ತೆ ಈಗ ಏನಾದರೂ ಅಂದಾರು ಎಂದು ನಾನು ಹೆದರಿದೆ. ಅವರು ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ‘ಬೆಳಗಿನ ಜಾವ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುತ್ತಲ್ಲ, ಆ ಬೆಳಕು ಕಣೋ ಇದು’ ಎಂದರು. ಪಕ್ಕದಲ್ಲಿದ್ದ ಚಿತ್ರಕಾರರಿಗೆ ಕಣ್ಣು ತುಂಬಿ ಬಂತು. ಅವರ ಕಲೆ ಅತ್ತೆಗೆ ಸಲೀಸಾಗಿ ಅರ್ಥವಾಯಿತು. ಅರ್ಥವಾಗದ್ದು ತಟ್ಟೆ.

ಮಣ್ಣಿನ ಅಗಲವಾದ ತಟ್ಟೆ, ನಡುವೆ ಲಿಂಬೆಹಣ್ಣಿನ ಗಾತ್ರದ ಒಂದು ರಾಗಿಮುದ್ದೆ, ಅದರ ಸುತ್ತ ಹಸಿರು ಗೆರೆಯೊಂದು. ಪಕ್ಕದಲ್ಲಿ ಚೀಟಿ: ‘ಹೊಲದ ನೆನಪು’. ಬಡಿಸಿದ ಹುಡುಗ ಕೈಕಟ್ಟಿ ನಿಂತು ಆ ರಾಗಿಯ ಕುಲಗೋತ್ರ ಹೇಳಲು ಶುರುಮಾಡಿದ. ಅತ್ತೆ ಪೂರ್ತಿ ಕೇಳಿ, ಅವನಿಗೆ ನೋವಾಗದ ಹಾಗೆ ಮೆಲ್ಲಗೆ, ‘ನೆನಪು ಚೆನ್ನಾಗಿದೆಯಪ್ಪಾ, ಹೊಲ ಯಾವಾಗ ಬರುತ್ತೆ?’ ಎಂದರು. ಚಿತ್ರಕ್ಕೆ ಬೆಲೆಯ ಚೀಟಿ, ಊಟಕ್ಕೆ ಶೀರ್ಷಿಕೆಯ ಚೀಟಿ ಹಚ್ಚಿದ್ದರಲ್ಲಿ ಯಾರೋ ಅದಲುಬದಲು ಮಾಡಿದ್ದಾರೆ ಎಂದು ನನ್ನ ಅನುಮಾನ. ಆಮೇಲೆ ಬಿಲ್ಲು ಬಂದಾಗ ಹಾಗೇನಿಲ್ಲವೆಂದು ತಿಳಿಯಿತು. ಎರಡಕ್ಕೂ ಬೆಲೆ ಇತ್ತು.

ಕೊಳಲು ಶುರುವಾದದ್ದು ಆಗಲೇ. ಎಳೆಯ ವಯಸ್ಸಿನ ಹುಡುಗ; ಕಂಬದ ಪಕ್ಕದ ಜಗಲಿಯ ಮೇಲೆ ಕೂತು ಮೋಹನ ರಾಗವನ್ನು ನಿಜಕ್ಕೂ ಚೆನ್ನಾಗಿ ನುಡಿಸಿದ. ಹಪ್ಪಳ ತಿನ್ನುವವರ ಪಾಡು ಕೇಳಬೇಡಿ. ಕಚ್ಚಿದರೆ ಸದ್ದು, ಬಿಟ್ಟರೆ ಮೆತ್ತಗಾಗುತ್ತದೆ. ಒಬ್ಬರು ಹಪ್ಪಳವನ್ನು ಬಾಯೊಳಗಿಟ್ಟುಕೊಂಡು, ಅದು ತಾನಾಗಿ ಕರಗಲೆಂದು ಅನುಪಲ್ಲವಿಯ ಪೂರ್ತಿ ಕಾದರು. ಕೀರ್ತನೆ ಮುಗಿಯಿತು. ಚಮಚದಲ್ಲಿ ತಿನ್ನುತ್ತಿದ್ದ ಮೂರು ಜನ ಚಪ್ಪಾಳೆ ಹೊಡೆದರು. ಕೈಯಲ್ಲಿ ಕಲಸಿದ್ದ ನಾವೆಲ್ಲ ಮೇಲೆ ಹೇಳಿದ ಇಕ್ಕಟ್ಟಿಗೆ ಸಿಕ್ಕಿ, ಬೆರಳುಗಳನ್ನು ಹೂವಿನಂತೆ ಗಾಳಿಯಲ್ಲಿ ಹಿಡಿದು ತಲೆಯಾಡಿಸಿದೆವು. ‘ಭೇಷ್’ ಎಂದವರು ಅತ್ತೆ ಒಬ್ಬರೇ. ಎಷ್ಟೋ ವರ್ಷದ ಹಿಂದೆ ಮಾವನವರು ಬಾಯಲ್ಲಿ ಬೋಂಡ ಇಟ್ಟುಕೊಂಡು ಕಂಡುಹಿಡಿದಿದ್ದ ಉಪಾಯ ಅದು. ಹುಡುಗ ಅವರ ಕಡೆ ತಿರುಗಿ ಕೈಮುಗಿದ. ಅವನ ಕಣ್ಣು ಮಾತ್ರ ಅವರ ತಟ್ಟೆಯ ಹೋಳಿಗೆಯ ಮೇಲಿತ್ತು.

‘ನಿನ್ನ ಊಟ ಆಯ್ತೇನಪ್ಪಾ?’

‘ಮುಗಿದ ಮೇಲೆ, ಅಜ್ಜಿ.’

ಅತ್ತೆ ಆಮೇಲೆ ಊಟ ಮಾಡಲಿಲ್ಲ. ಹಸಿದವನ ಮುಂದೆ ತಿನ್ನಬಾರದು ಎಂಬ ನಿಯಮ ಅವರಿಗೆ ಯಾವ ರಾಗಕ್ಕಿಂತಲೂ ಹಳೆಯದು. ಕಚೇರಿಗೆ ಬಂದವರು ತನಿಗೆ ಎದ್ದು ಹೋಗುವುದು ಒರಟುತನವೇ ಇರಬಹುದು; ಆದರೂ ತಿನ್ನುವುದಕ್ಕೆ ಹೊರಗೆ ಹೋಗುತ್ತಾರೆ. ನುಡಿಸುವವನ ಮುಖದ ಮುಂದೆ ಅಗಿಯುವುದಿಲ್ಲ.

ಅತ್ತೆಯ ಊಟ ಅರ್ಧವಾಯಿತೆಂದು ಅಳಿಯನಿಗೆ ಮನಸ್ಸಿಗೆ ಚುಚ್ಚಿ, ಮುಂದಿನ ಸಲ ಸ್ಥಳದ ಆಯ್ಕೆಯನ್ನು ಅವರಿಗೇ ಬಿಟ್ಟ. ಅವರು ಹೇಳಿದ್ದು ಜಾನಪದ ಲೋಕ. ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿದ ಮೇಲೆ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ನಿಲ್ಲಿಸಿದ್ದು. ಐಎಎಸ್ ಅಧಿಕಾರಿಯಾಗಿದ್ದವರು, ಹಳ್ಳಿಹಳ್ಳಿಯಿಂದ ಹಾಡು, ಕಥೆ, ಮಡಕೆ, ಮೊರ, ನೇಗಿಲು, ತೊಗಲುಗೊಂಬೆ ಎಲ್ಲ ಗುಡ್ಡೆಹಾಕಿ, ಹದಿನೈದು ಎಕರೆಯಲ್ಲಿ ಇಟ್ಟರು. ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ರಾಮನಗರ ಊರಾಚೆಯೇ ಉಳಿಯುತ್ತದೆ. ಹಾಗಾಗಿ ಹಳೆಯ ರಸ್ತೆಯನ್ನೇ ಹಿಡಿಯಬೇಕು. ಪಕ್ಕದಲ್ಲೇ ಕಾಮತ್ ಲೋಕರುಚಿ. ರೊಟ್ಟಿ ಇಲ್ಲಿ, ರೊಟ್ಟಿಯ ಚರಿತ್ರೆ ಪಕ್ಕದಲ್ಲಿ. ಎರಡಕ್ಕೂ ನಡುವೆ ಹದವಾದ ಅಂತರ. ಅತ್ತೆ ಜೋಳದ ರೊಟ್ಟಿ, ಎಣಗಾಯಿಯನ್ನು ಯಾವ ಹಿನ್ನೆಲೆ ಸಂಗೀತವೂ ಇಲ್ಲದೆ ತೃಪ್ತಿಯಾಗಿ ಊಟಮಾಡಿ, ಕೈತೊಳೆದು, ಸೆರಗಿಗೆ ಒರೆಸಿಕೊಂಡು, ‘ಈಗ ನಡಿ, ಕಲೆ ನೋಡೋಣ’ ಎಂದರು.

ಒಳಗೆ ಹೋದದ್ದೇ ಅವರ ವರಸೆ ಬದಲಾಯಿತು. ಸೇರು, ಪಾವು, ಒನಕೆ, ಬೀಸುವ ಕಲ್ಲು ಒಂದೊಂದರ ಮುಂದೆಯೂ ನಿಂತು, ಕಳೆದುಹೋದ ನೆಂಟರನ್ನು ಗುರುತು ಹಿಡಿದವರ ಸಂಭ್ರಮ.

‘ಇಂಥಾದ್ದೇ ಶಾವಿಗೆ ಒರಳು ನಮ್ಮನೇಲಿತ್ತು. ಹಳೇ ಪಾತ್ರೆಯವನಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತಗೊಂಡೆ.’

‘ಆ ಡಬ್ಬಿಯಾದರೂ ಇದೆಯಾ ಅತ್ತೆ?’

‘ಅದರಲ್ಲಿ ನಿಮ್ಮನೆಗೆ ಕೊಬ್ಬರಿ ಮಿಠಾಯಿ ಕಳಿಸಿದ್ನಲ್ಲ. ವಾಪಸ್ ಕೊಟ್ಟಿದ್ದೀರಾ?’

ನಾನು ತೊಗಲುಗೊಂಬೆಗಳ ಕಡೆ ತಿರುಗಿ ಅವುಗಳ ಬಣ್ಣವನ್ನು ಗಂಭೀರವಾಗಿ ಪರಿಶೀಲಿಸಿದೆ.

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬಂದು ಬೀಸುವ ಕಲ್ಲಿನ ಸುತ್ತ ನಿಂತಿತು. ಮೇಷ್ಟರು ‘ಹೆಂಗಸರು ಹಾಡುತ್ತಾ ಬೀಸುತ್ತಿದ್ದರು’ ಎಂದು ಒಂದು ವಾಕ್ಯದಲ್ಲಿ ಮುಗಿಸಿದರು. ಒಬ್ಬಳು ಹುಡುಗಿಗೆ ಸಮಾಧಾನವಾಗಲಿಲ್ಲ. ‘ಹಾಡಲೇಬೇಕಿತ್ತಾ, ಅಜ್ಜಿ?’ ಎಂದು ನೇರವಾಗಿ ಅತ್ತೆಯನ್ನೇ ಕೇಳಿದಳು.

‘ಮತ್ತೆ? ಸುಮ್ಮನೆ ಮಾತಲ್ಲಿ ಅತ್ತೇನ ಬೈದರೆ ಜಗಳ ಆಗುತ್ತೆ. ರಾಗವಾಗಿ ಬೈದರೆ ಪದ ಆಗುತ್ತೆ. ಅತ್ತೇನೂ ಕೂತು ಕೇಳ್ತಾಳೆ, ಹಿಟ್ಟೂ ಆಗುತ್ತೆ.’

ನಾಗೇಗೌಡರು ಊರೂರು ತಿರುಗಿ ಕಲೆಹಾಕಿದ ಪದಗಳ ಮೇಲೆ ಎಷ್ಟೋ ಪ್ರಬಂಧಗಳು ಬಂದಿವೆ. ಬೀಸುವ ಪದದ ಹುಟ್ಟಿನ ಬಗ್ಗೆ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಓದಿಲ್ಲ. ಮೇಷ್ಟರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.

ಹಿಂದಿರುಗುವಾಗ ಅಳಿಯ ಎಕ್ಸ್‌ಪ್ರೆಸ್‌ವೇ ಹತ್ತಲು ನೋಡಿದ. ಹಿಂದಿನ ಸೀಟಿನಿಂದ ಅತ್ತೆ ಅವನ ಭುಜ ತಟ್ಟಿದರು.

‘ಹಳೇ ರಸ್ತೇಲೇ ಹೋಗು. ಬಿಡದಿ ಬರಬೇಕು, ತಟ್ಟೆ ಇಡ್ಲಿ.’

‘ಈಗ ತಾನೆ ಊಟ ಆಯ್ತಲ್ಲ ಅಜ್ಜಿ! ಮತ್ತೆ ಅಲ್ಲಿ ಆರ್ಟ್ ಏನಿದೆ?’

‘ಆವಿಯಲ್ಲಿ ಬೆಂದದ್ದನ್ನ ತಟ್ಟೆಯಿಂದ ಮುರೀದೆ ಎಬ್ಬಿಸ್ತಾನೆ ನೋಡು. ನೀನು ನಿಂತು ಅದನ್ನ ನೋಡು. ನಾನು ತಿಂತೀನಿ.’