ಬಾಯಿಂದ ತುಂಬಿದರೆ ಬೆಳೆ ರಕ್ಷಣೆ

ಕಳಸದ ಕಡೆ ಕಾಫಿ ತೋಟದವರ ಮನೆಯ ಕೋವಿಗೆ ಮೂರೇ ಕೆಲಸ. ಆಯುಧಪೂಜೆಗೆ ಕುಂಕುಮ ಇಡಿಸಿಕೊಳ್ಳುವುದು, ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುವುದು, ಉಳಿದ ದಿನ ಬೀರುವಿನಲ್ಲಿ ಮಲಗುವುದು. ಗುಂಡು ಹಾರಿಸುವ ಕೆಲಸ ಅದಕ್ಕೆ ಯಾರೂ ಹೇಳಿಲ್ಲ.

ಇಂಥದೊಂದು ಮನೆಯ ಹುಡುಗನಿಗೆ ಈಗ ಹೊಸ ಹುಚ್ಚು. ಬೆಂಗಳೂರಿನ ನೌಕರಿ ಬಿಟ್ಟು ತೋಟಕ್ಕೆ ಬಂದವನು. ರಾತ್ರಿ ನೆಟ್‌ವರ್ಕ್ ಇದ್ದಷ್ಟು ಹೊತ್ತು ಅಮೆರಿಕದ ವಿಡಿಯೊ ನೋಡುತ್ತಾನೆ. ಅಲ್ಲಿ ಗಡ್ಡ ಬಿಟ್ಟವರು ಗ್ಯಾರೇಜಿನಲ್ಲಿ ಕೂತು, ಹಾರಿಸಿ ಬಿದ್ದ ಹಿತ್ತಾಳೆ ತೋಟಾಗಳನ್ನು ಹೆಕ್ಕಿ ತೊಳೆದು ಮತ್ತೆ ತುಂಬಿ, ಭಾನುವಾರ ಡಬ್ಬಿಗೆ ಗುರಿಯಿಟ್ಟು ಹೊಡೆಯುತ್ತಾರಂತೆ.

‘ಚಿಕ್ಕಪ್ಪ, ನಾವೂ ಮನೇಲೇ ತುಂಬಿದ್ರೆ ಎಷ್ಟು ಉಳೀತದೆ ಗೊತ್ತುಂಟಾ?’

‘ದುಡ್ಡು ಎಷ್ಟು ಉಳೀತದೋ ಗೊತ್ತಿಲ್ಲ ಮಾರಾಯ. ನೀನಂತೂ ಏಳು ವರ್ಷ ಒಳಗೆ ಉಳೀತೀಯ.’

ಚಿಕ್ಕಪ್ಪ ಉತ್ಪ್ರೇಕ್ಷೆ ಮಾಡಿದ್ದಲ್ಲ. ಲೈಸನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಅದರ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಸಿಕ್ಕಸಿಕ್ಕವರು ಅಡುಗೆಮನೆಯಲ್ಲಿ ಗುಂಡು ತಯಾರಿಸಬಾರದು ಎನ್ನುವುದು ಸರಿಯಾದ ಮಾತೇ. ತಮಾಷೆ ಇರುವುದು ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ. ಬೆಳೆ ರಕ್ಷಣೆಗೆ ಕೋವಿ ಬೇಕು ಎಂದವನಿಗೆ ಕಾನೂನು ಮೊದಲು ತೋರಿಸುವುದು ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿಯ ಮಾತು.

ಕೇಪಿನ ಕೋವಿ ಅಂದರೇನು? ನಳಿಗೆಯ ಬಾಯಿಗೆ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಚರೆ ಹಾಕಿ, ಉದ್ದನೆಯ ಸರಳಿನಿಂದ ಜಡಿದು, ಹಿಂದೆ ಕೇಪು ಕೂರಿಸಿ, ಹಾರುತ್ತದೋ ಮುಖಕ್ಕೇ ಬರುತ್ತದೋ ಎಂದು ಕಣ್ಣು ಅರ್ಧ ಮುಚ್ಚಿ ಕುದುರೆ ಎಳೆಯುವುದು. ಪ್ರತಿ ಈಡೂ ಕೈಯಿಂದಲೇ ತುಂಬಿದ್ದು. ನಮ್ಮ ಅಜ್ಜಂದಿರು ಗ್ಯಾರೇಜಿಲ್ಲದೆ, ಗಡ್ಡವನ್ನೂ ಬಿಡದೆ ಇದನ್ನೇ ಮಾಡುತ್ತಿದ್ದರು. ಅಂದರೆ ತೋಟಾದೊಳಗೆ ಮದ್ದು ತುಂಬಿದರೆ ಜೀವಾವಧಿ, ಕೋವಿಯ ಬಾಯಿಗೇ ತುಂಬಿದರೆ ಬೆಳೆ ರಕ್ಷಣೆ!

ಒಂದು ಈಡು ತುಂಬಿ ಮುಗಿಯುವುದರೊಳಗೆ ಹಂದಿ ಬಾಳೆಬುಡ ಮುಗಿಸಿ, ಗೆಣಸಿನ ಪಾತಿ ಉತ್ತು, ಸಂಸೆ ದಾರಿ ಹಿಡಿದಿರುತ್ತದೆ. ಹಿಡಿಯದೆ ನಿಂತಿದ್ದರೂ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಂದಿ ಅರ್ಜಿ ಕೊಟ್ಟು ಬರುವುದಿಲ್ಲವಲ್ಲ.

ಹಾಗಾದರೆ ಗುರಿ ಕಲಿಯುವುದು ಎಲ್ಲಿ? ಲೈಸನ್ಸಿಗೆ ತರಬೇತಿಯ ಸರ್ಟಿಫಿಕೇಟ್ ಬೇಕು ಎಂದು 2016ರ ನಿಯಮ ಹೇಳುತ್ತದೆ. ಪೊಲೀಸರು ನಾಗರಿಕ ಬಂದೂಕು ತರಬೇತಿ ಕೊಟ್ಟು ಸರ್ಟಿಫಿಕೇಟನ್ನೂ ಕೊಡುತ್ತಾರೆ. ಅದು ಗೋಡೆಗೆ ಹೋಗುತ್ತದೆ, ಕೋವಿ ಬೀರುವಿಗೆ. ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದು ಲೈಸನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಕೊಂಡ ಒಂದೊಂದನ್ನೂ ಬಂಗಾರದಂತೆ ಕಾಪಾಡುವ ಮಲೆನಾಡಿಗ ಅದನ್ನು ತೆಂಗಿನಕಾಯಿಗೆ ಹೊಡೆದು ಕಳೆಯುತ್ತಾನೆಯೇ? ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪೈಪೋಟಿ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸೇ ಬೇಡ. ಬ್ರಿಟಿಷರ ಕಾಲದ ಆ ವಿನಾಯಿತಿ 2029ರವರೆಗೆ ಮುಂದುವರಿದಿದೆ. ನಮಗೆ ಲೈಸನ್ಸೂ ಬೇಕು, ಹೊಡೆಯಲು ತೆಂಗಿನಕಾಯಿಯೂ ಇಲ್ಲ.

ಇನ್ನು ಚುನಾವಣೆ. 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಏಪ್ರಿಲ್‌ನಲ್ಲಿ ಲೋಕಸಭೆ. ಎರಡೂ ಸಲ ಹಲಸು ಬಲಿಯುವ ಕಾಲಕ್ಕೇ ಕೋವಿಗಳು ಚೀಟಿ ಕಟ್ಟಿಸಿಕೊಂಡು ಠಾಣೆಯ ಮೂಲೆ ಸೇರಿದವು. ಹಂದಿಗಳಿಗೆ ಮತದಾನದ ಹಕ್ಕಿಲ್ಲದಿದ್ದರೂ ನೀತಿಸಂಹಿತೆಯ ಫಲ ಪೂರ್ತಿ ಅವಕ್ಕೇ ಸಿಕ್ಕಿತು. ಎಣ್ಣೆ ಕಾಣದೆ ನಳಿಗೆಗೆ ತುಕ್ಕು ಹತ್ತಿದರೆ ಅದು ಮಾಲೀಕನ ಹಣೆಬರಹ.

ಅಧಿಕಾರಿಗಳಲ್ಲಿ ಒಂದೇ ಕೋರಿಕೆ. ಕಳಸವನ್ನು ತಾಲ್ಲೂಕು ಮಾಡಿದ್ದೀರಿ. ಊರಾಚೆ ಒಂದು ಮಣ್ಣಿನ ದಿಬ್ಬದ ಮುಂದೆ, ಪೊಲೀಸರ ಕಣ್ಣೆದುರಿಗೆ, ವರ್ಷಕ್ಕೆರಡು ದಿನ ಲೈಸನ್ಸುದಾರರಿಗೆ ಗುರಿ ಅಭ್ಯಾಸ ಇಡಿ. ಗುಂಡು ನೀವೇ ಎಣಿಸಿ ಕೊಡಿ, ಖಾಲಿ ತೋಟಾಗಳನ್ನು ನೀವೇ ಎಣಿಸಿ ವಾಪಸ್ ತೆಗೆದುಕೊಳ್ಳಿ. ಹುಡುಗ ಆ ವಿಡಿಯೊ ನೋಡುವುದನ್ನು ಅವತ್ತೇ ಬಿಡುತ್ತಾನೆ.