ಮಾಜಿ ಅಭಿಯೋಜಕ ಮೀಮಾಂಸೆ

ಸರ್ಕಾರಿ ಅಭಿಯೋಜಕನಾಗುವವನು ಕನಿಷ್ಠ 7 ವರ್ಷ ವಕೀಲಿ ನಡೆಸಿರತಕ್ಕದ್ದೆಂದು ವಿಧಿಸಿರುವ ಕಾನೂನು, ಅದೇ ಮಹಾನುಭಾವನು ನಿವೃತ್ತನಾಗಿ ಟಿವಿಯಲ್ಲಿ ಕೊಲೆ, ದರೋಡೆ, ವಿಷಪ್ರಾಶನಗಳ ಭಾಷ್ಯಕಾರನಾಗಿ ಪೀಠಾರೋಹಣ ಮಾಡುವುದಕ್ಕೆ ಯಾವ ಅರ್ಹತೆಯನ್ನೂ ವಿಧಿಸದೆ ಸುಮ್ಮನಿರುವುದೆಂಬುದು ಈ ಶಾಸ್ತ್ರದ ಪ್ರಥಮ ಸೂತ್ರ. ಊರವರು ಆತನನ್ನು ಕಡೆತನಕ ‘ಪಿ.ಪಿ. ಸಾಹೇಬ್ರು’ ಎಂದೇ ಕರೆಯುವರಾದ್ದರಿಂದ, ಪದವಿ ಹೋದರೂ ಪ್ರಭಾವ ಹೋಗದೆಂಬುದು ದ್ವಿತೀಯ ಸೂತ್ರ.

ಕನ್ನಡದ ಕಿರುತೆರೆಯಲ್ಲಿ ಅಪರಾಧಕಥನದ ಪೂರ್ವಸೂರಿಗಳಾದವರು ಪತ್ರಕರ್ತರು. ಈಟಿವಿಯಲ್ಲಿ ‘ಕ್ರೈಂ ಡೈರಿ’ ನಡೆಸಿದ ರವಿ ಬೆಳಗೆರೆಯವರೇ ಇದಕ್ಕೆ ನಿದರ್ಶನ. ಅಭಿಯೋಜಕ ಸಂಪ್ರದಾಯದ ಮೂಲಪೀಠವನ್ನು ಅರಸುವವರಾದರೋ ಅಮೆರಿಕದ ಅಟ್ಲಾಂಟಾಕ್ಕೆ ಹೋಗಬೇಕು. ಅಲ್ಲಿನ ಫುಲ್ಟನ್ ಕೌಂಟಿಯಲ್ಲಿ ಅಭಿಯೋಜಕಿಯಾಗಿದ್ದ ನ್ಯಾನ್ಸಿ ಗ್ರೇಸ್ 1997ರಲ್ಲಿ ‘ಕೋರ್ಟ್ ಟಿವಿ’ಯನ್ನು ಪ್ರವೇಶಿಸಿದಾಗ, ಓ.ಜೆ. ಸಿಂಪ್ಸನ್‌ನ ಖುಲಾಸೆಯಿಂದ 1995ರಲ್ಲಿ ಜಗದ್ವಿಖ್ಯಾತರಾದ ಪ್ರತಿವಾದಿ ವಕೀಲ ಜಾನಿ ಕಾಕ್ರನ್ನರು ಆಕೆಯ ಜೊತೆಗೆ ಪ್ರತಿಪಕ್ಷ ಹಿಡಿದು ಕುಳಿತಿದ್ದರು. ಕೆಲಕಾಲದ ಮೇಲೆ ಕಾಕ್ರನ್ನರು ಎದ್ದುಹೋದರು; ಆಕೆ ಉಳಿದರು, ಮುಂದೆ 2005ರಿಂದ 2016ರವರೆಗೆ ಸ್ವನಾಮಾಂಕಿತ ಕಾರ್ಯಕ್ರಮವನ್ನೇ ನಡೆಸಿದರು. ಪ್ರತಿವಾದಿಯ ಕುರ್ಚಿ ತೆರವಾದ ಆ ಶುಭಮುಹೂರ್ತವನ್ನೇ ಈ ಶಾಸ್ತ್ರದ ಶಕಾರಂಭವೆಂದು ಎಣಿಸತಕ್ಕದ್ದು.

ಇನ್ನು ನಮ್ಮ ಸೀಮೆಯ ಪ್ರೇಕ್ಷಕರಲ್ಲಿಯ ಪಂಥಭೇದ. 1947ರವರೆಗೆ ಇಡೀ ಜಿಲ್ಲೆಗೇ ತನ್ನ ಹೆಸರನ್ನಿತ್ತಿದ್ದ ಕಡೂರು ಸಹಜವಾಗಿಯೇ ಶಬ್ದಪ್ರಮಾಣವಾದಿ. ಸಾಹೇಬರ ಶಬ್ದ ಹೆಚ್ಚಿದಷ್ಟೂ ಪ್ರಮಾಣ ಹೆಚ್ಚೆಂದು ಅಲ್ಲಿಯ ಹೋಟೆಲುಗಳ ಪಂಡಿತಮಂಡಲಿ ತಿಳಿಯುತ್ತದೆ. ಪಾಳೆಯಗಾರರ ಕಾಲವನ್ನು ದಾಟಿಬಂದು, ಈಗ ಪೇಟೆಯ ಅಡಿಕೆ ಧಾರಣೆಯನ್ನೂ ಸುಲಭವಾಗಿ ನಂಬದ ತರೀಕೆರೆಯದು ಅನುಮಾನಪ್ರಮಾಣ. ಸತ್ತವನ ಬಾವಮೈದ ಕ್ಯಾಮೆರಾದ ಮುಂದೆ ಅತ್ತರೂ ಅನುಮಾನ, ಅಳದಿದ್ದರೂ ಅನುಮಾನ. ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಅಜ್ಜಂಪುರವೊಂದು ಮಾತ್ರ ಪ್ರತ್ಯಕ್ಷವಾದಿಯಾಗಿ ಉಳಿದಿದೆ: ದಲ್ಲಾಳಿ ಎಷ್ಟೇ ಹೊಗಳಲಿ, ಬಾಯಿ ತೆರೆಸಿ ಹಲ್ಲು ನೋಡದೆ ಎತ್ತು ಕೊಳ್ಳದವನು, ಸಾಕ್ಷಿಯನ್ನು ನೋಡದೆ ತೀರ್ಪನ್ನು ಹೇಗೆ ಕೊಂಡಾನು? “ಅದ್ಸರಿ ಸ್ವಾಮಿ, ಪಾಟೀಸವಾಲು ಮಾಡೋರ್ಯಾರು?” ಎಂಬುದು ಆ ಪಂಥದ ಏಕೈಕ ಪ್ರಶ್ನೆ.

ಈ ಪ್ರಶ್ನೆ ಅಶಾಸ್ತ್ರೀಯವೆಂದು ತಳ್ಳಿಹಾಕುವಂತಿಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು; 2023ರ ಹೊಸ ಸಾಕ್ಷ್ಯ ಕಾನೂನೂ ಅದನ್ನೇ ಉಳಿಸಿಕೊಂಡಿದೆ; ಮಾಧ್ಯಮಗಳೇ ವಿಚಾರಣೆ ನಡೆಸುವ ಚಪಲದ ವಿಷಯವಾಗಿಯೇ ಭಾರತದ ಕಾನೂನು ಆಯೋಗವು 2006ರಲ್ಲಿ ತನ್ನ 200ನೆಯ ವರದಿಯನ್ನು ಬರೆಯಿತು. ನ್ಯಾಯಾಲಯದಲ್ಲಿ ಈ ವಿಧಿಗಳಿಗೆಲ್ಲ ತಲೆಬಾಗಿ, ಸಾಕ್ಷಿಗಳು ತಿರುಗಿಬಿದ್ದು, ಎಷ್ಟೋ ಮೊಕದ್ದಮೆಗಳನ್ನು ಸೋತ ಸಾಹೇಬರು ಟಿವಿಯಲ್ಲಿ ಈತನಕ ಒಂದನ್ನೂ ಸೋತಿಲ್ಲ. ಅಲ್ಲಿ ‘ಪೊಲೀಸ್ ಮೂಲಗಳು’ ಎಂಬ ಅನಾಮಧೇಯ ಸಾಕ್ಷಿ ಎಂದೂ ತಿರುಗಿಬೀಳುವುದಿಲ್ಲ, ಅನುಮಾನದ ಲಾಭವೂ ಆರೋಪಿಗೆ ಸಲ್ಲದೆ ವಾಹಿನಿಗೇ ಸಲ್ಲುತ್ತದೆ.

ಆದುದರಿಂದ ಸಿದ್ಧಾಂತವಿದು: ನ್ಯಾಯಾಲಯಗಳೂ ಪ್ರತಿವಾದಿ ವಕೀಲರನ್ನು ನಿವಾರಿಸಿಕೊಂಡಲ್ಲಿ, ಬಾಕಿಬಿದ್ದ ಮೊಕದ್ದಮೆಗಳೆಲ್ಲವೂ ಪ್ರತಿರಾತ್ರಿ ಒಂಬತ್ತರಿಂದ ಹತ್ತರೊಳಗೆ, ಜಾಹೀರಾತುಗಳ ಸಮೇತ, ಇತ್ಯರ್ಥವಾಗುವುವು. ಈ ಸಿದ್ಧಾಂತವನ್ನು ಕಡೂರು, ತರೀಕೆರೆ ಪಂಥಗಳೆರಡೂ, ಮೊದಲನೆಯ ಆರೋಪಿ ತಮ್ಮ ತಾಲ್ಲೂಕಿನವನಾಗಿರಕೂಡದೆಂಬ ಏಕಮಾತ್ರ ಷರತ್ತಿನೊಡನೆ, ಸರ್ವಾನುಮತದಿಂದ ಅಂಗೀಕರಿಸಿವೆ. ಅಜ್ಜಂಪುರ ಸಾಕ್ಷಿಯನ್ನು ಕರೆಸೆನ್ನುತ್ತಿದೆ.